ನೇತ್ರಾಣಿಯಲ್ಲಿ ನಮ್ಮಿಬ್ಬರ ಪಾಲು

ಶಾಂತಕ್ಕಾ,

ಭಾನುವಾರ ಮಧ್ಯಾಹ್ನ ನೀನು ಸಿರುಗುಪ್ಪದ ಬಸ್ಸಿಳಿದರೆ ಮನೆಗೆ ಹೋಗದೆ ಸೀದಾ ಶೆಡ್ಡಿಗೇ ಬರುತ್ತಿದ್ದೆ. ಮಷೀನುಗಳೆಲ್ಲ ನಿಂತಿರುತ್ತಿದ್ದವು. ಜೀನ್ಸ್ ಬಟ್ಟೆಯ ಥಾನುಗಳ ಮೇಲೆ ಕಾಲು ಮಡಚಿ ಕೂತು, ದಾರಿಯಲ್ಲಿ ಕಟ್ಟಿಸಿಕೊಂಡು ಬಂದ ಮಿರ್ಚಿ ಪೊಟ್ಟಣ ಬಿಚ್ಚಿ, ನಾನು ತಿನ್ನುವುದರೊಳಗೆ ಅರ್ಧ ಖಾಲಿ ಮಾಡುತ್ತಿದ್ದೆ. ಇವತ್ತೂ ಭಾನುವಾರ. ನಾನು ಅದೇ ಜಾಗದಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಬಳ್ಳಾರಿಯ ಬಿಸಿಲು ತಗಡಿನ ಮೇಲೆ ಹೊಡೆಯುತ್ತಿದೆ. ಮಳೆಗಾಲ ಅಂತ ಹೆಸರಿಗೆ ಮಾತ್ರ. ಅಲ್ಲಿ ಮುರ್ಡೇಶ್ವರದಲ್ಲಿ ಮಳೆ ಮುಗಿಯುವವರೆಗೆ ಕಡಲು ಮುಚ್ಚಿದೆ, ದೋಣಿಯನ್ನು ದಂಡೆಗೆ ಎಳೆದು ತಾಡಪಾಲು ಹೊದಿಸಿದ್ದಾರೆ. ಅದನ್ನು ನಿನಗೆ ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಬೇರೆ ಇದೆ, ಆದರೆ ಮೊದಲಿಂದ ಬರೆಯದಿದ್ದರೆ ನನಗೇ ಸರಿಯಾಗಿ ಅರ್ಥವಾಗುವುದಿಲ್ಲ.

ನಮ್ಮ ಸಿರುಗುಪ್ಪದ ಮನೆಯ ಮುಂದಿನ ಕೋಣೆಗೆ ನೀನು ಬಾಡಿಗೆಗೆ ಬಂದ ದಿನ ನೆನಪಿದೆ. ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಬಂದ ಪಿ.ಟಿ. ಟೀಚರ್ ನೀನು. ನಾನು ಎಂಟನೇ ಕ್ಲಾಸಿನಲ್ಲಿದ್ದೆ. ಒಂದು ಟ್ರಂಕು, ಒಂದು ಹಾಸಿಗೆ, ಕೊರಳಲ್ಲಿ ಸೀಟಿ. ಟೀಚರ್ ಅಂದರೆ ಸಿಟ್ಟಾಗಿ, ಮನೆಯಲ್ಲಿ ಅಕ್ಕ ಅನ್ನಬೇಕೆಂದು ತಾಕೀತು ಮಾಡಿದೆ. ಆಮೇಲೆ ನಿನ್ನ ಮದುವೆಯಾಯಿತು, ಕುರುಗೋಡಿನ ಚಂದ್ರಶೇಖರ ಮಾವ ಸಿರುಗುಪ್ಪದ್ದೇ ಅಕ್ಕಿ ಗಿರಣಿಯಲ್ಲಿ ಮ್ಯಾನೇಜರಾಗಿ ಸೇರಿಕೊಂಡರು. ನಾನು ಬಳ್ಳಾರಿಗೆ ಬಂದು ಹೊಲಿಗೆ ಶೆಡ್ಡು ಹಾಕಿದೆ. ನನಗೆ ಮದುವೆ ಕೂಡಿ ಬರಲಿಲ್ಲ, ನಿಮಗೆ ಮಕ್ಕಳಾಗಲಿಲ್ಲ. ಇಷ್ಟು ವರ್ಷಗಳಲ್ಲಿ ಈ ಎರಡು ವಿಷಯಗಳ ಬಗ್ಗೆ ನಾವು ಒಂದು ದಿನವಾದರೂ ಮಾತಾಡಿದ್ದೇವಾ?

ಅವ್ವ ತೀರಿಕೊಂಡ ಮೇಲಿನ ಆ ಚಳಿಗಾಲ ನೀನು ಬಂದು ನನ್ನ ಅಡುಗೆಮನೆಯಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. ಹಲಕುಂದಿ ಮಠದಲ್ಲಿ ಅವ್ವನ ಹೆಸರಿನ ದಾಸೋಹ ಮುಗಿದಿತ್ತು, ಬಂದವರೆಲ್ಲ ಹೋಗಿದ್ದರು. ನಾನು ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂದು ತಿಳಿಯದೆ ಡಬ್ಬಿ ಹಿಡಿದು ನಿಂತಿದ್ದೆ. ನೀನು ಡಬ್ಬಿ ಕಸಿದು ಇಟ್ಟು, ಎರಡು ಸೀರೆ ಚೀಲಕ್ಕೆ ತುರುಕಿದೆ. ನೀನು ಆಗ ತಾನೇ ನಿವೃತ್ತಳಾಗಿದ್ದೆ. ಕಡಲು ನೋಡಿ ಬರೋಣ, ಅಷ್ಟೇ ಅಂದಿದ್ದೆ. ಅಷ್ಟೇ ಆಗಿದ್ದರೆ...

ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಹತ್ತಿರ ದೋಣಿ ನಿಂತಾಗ ನಾನು ಅಂಚಿಗೆ ಬಗ್ಗಿ ವಾಂತಿ ಮಾಡುತ್ತಿದ್ದೆ. ನಿನಗೆ ಅದು ಕಣ್ಣಿಗೂ ಬೀಳಲಿಲ್ಲ. ಬೆನ್ನಿಗೆ ಸಿಲಿಂಡರು ಕಟ್ಟಿಸಿಕೊಂಡು, ಕರಿ ರಬ್ಬರಿನ ಉಡುಪಿನಲ್ಲಿ ಕೂತು, ಡೈವಿಂಗ್ ಕಲಿಸುವ ಗಣಪತಿ ಹೇಳುವುದನ್ನು ಮೊದಲ ಬೆಂಚಿನ ಹುಡುಗಿಯ ಹಾಗೆ ಕೇಳುತ್ತಿದ್ದೆ. ಕೆಳಗೆ ಕೈಸನ್ನೆಯೇ ಮಾತು ಅಂತ ಅವನು ಹೇಳಿಕೊಟ್ಟ. ಹೆಬ್ಬೆರಳು ತೋರುಬೆರಳು ಕೂಡಿಸಿ ಸುತ್ತು ಮಾಡಿದರೆ ಚೆನ್ನಾಗಿದ್ದೇನೆ ಅಂತ. ಹೆಬ್ಬೆರಳು ಮೇಲೆತ್ತಿದರೆ, ಸಾಕು, ನಾನು ಮೇಲೆ ಹೋಗುತ್ತೇನೆ ಅಂತ. ಎಲ್ಲರೂ ಇಲ್ಲೇ ತಪ್ಪುವುದು ಅಂತ ನಕ್ಕ. ನೀನು ಹಿಂದಕ್ಕೆ ಉರುಳಿ ನೀರಿಗೆ ಬಿದ್ದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಮೇಲೆ ಬಂದ ಮೇಲೆ ಎಷ್ಟೋ ಹೊತ್ತು ಸುಮ್ಮನಿದ್ದೆ. ನೀನು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸುಮಿ, ಕೆಳಗ ಯಾರೂ ಮಾತಾಡಂಗಿಲ್ಲ. ಜೀವಮಾನ ಪೂರ್ತಿ ಸೀಟಿ ಊದಿದಾಕಿಗೆ ಇದಕ್ಕಿಂತ ಸುಖ ಇನ್ನೇನೈತಿ?" ಅಂದೆ.

ಊರಿಗೆ ಮರಳುವಾಗ, ಹುಬ್ಬಳ್ಳಿ ದಾಟಿ ಬಸ್ಸು ಎರೆಹೊಲಗಳ ನಡುವೆ ಓಡುತ್ತಿದ್ದಾಗ ನೀನು ಮಾತು ತೆಗೆದೆ. ಗಣಪತಿಯ ಜತೆಗಾರ ತನ್ನ ಬಂಡವಾಳ ತೆಗೆದುಕೊಂಡು ಹೋಗುತ್ತಿದ್ದಾನೆ, ಯಾರಾದರೂ ಬಾರದಿದ್ದರೆ ಆ ಡೈವಿಂಗ್ ಅಂಗಡಿ ಮುಚ್ಚುತ್ತದೆ ಅಂತ. ನಿವೃತ್ತಿಯ ದುಡ್ಡು ಬ್ಯಾಂಕಿನಲ್ಲಿ ಮಲಗಿ ಏನು ಮಾಡುತ್ತದೆ ಅಂತ. ಕೊಳಗಲ್ಲಿನ ದಾರಿಯಲ್ಲಿ ನಾನು ತೆಗೆದಿಟ್ಟಿದ್ದ ಸೈಟಿನ ಹೆಸರನ್ನೂ ಮೆಲ್ಲಗೆ ಎತ್ತಿದೆ. ನಾನು ಅದಕ್ಕೆ ನೂರೆಂಟು ಅಡ್ಡಿ ಹೇಳಿದೆ. ಹೇಳುತ್ತ ಹೇಳುತ್ತಲೇ ಒಪ್ಪಿದ್ದೆ. ಯಾಕೆ ಗೊತ್ತಾ? ಕಡಲು ನನಗೆ ಬೇಕಿರಲಿಲ್ಲ ಅಕ್ಕ. ಪಾಲು ಹಾಕಿದರೆ ತಿಂಗಳಿಗೊಮ್ಮೆ ಹೋಗಿ ಬರಬೇಕಾಗುತ್ತದೆ, ಹೋಗುವಾಗ ನೀನು ಜತೆಗಿರುತ್ತೀ, ಅಷ್ಟು ಸಾಕಿತ್ತು.

ಮಾವನಿಗೆ ವಿಷಯ ತಿಳಿಸಿದ ಸಂಜೆ ಅವರು ಸಿರುಗುಪ್ಪದ ಮನೆಯ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ಮೀನು ಹಿಡಿಯೋ ವ್ಯಾಪಾರವೇನು ಅಂತ ಕೇಳಿದರು. ಹಿಡಿಯೋದಲ್ಲ, ನೋಡೋದು ಅಂದೆ ನೀನು. ಅವರು ಅಡಕತ್ತರಿ ಕೆಳಗಿಟ್ಟರು.

"ಬರೇ ನೋಡಾಕ ಮಂದಿ ರೊಕ್ಕ ಕೊಡ್ತಾರ?"

"ಕೊಡ್ತಾರ್ರಿ. ನಾನು ಕೊಟ್ಟೀನಲ್ಲ."

ಅವರು ಇನ್ನೇನೂ ಕೇಳಲಿಲ್ಲ. ಇಲ್ಲಿ ಬಳ್ಳಾರಿಯಲ್ಲಿ ಮಾತ್ರ ಕೇಳದವರಿಲ್ಲ. ಗಣಿ ಧೂಳಿನ ಊರಿನ ಹೆಂಗಸರಿಬ್ಬರು ಕಡಲಿನ ತಳದಲ್ಲಿ ದುಡ್ಡು ಹೂತಿಟ್ಟಿದ್ದಾರೆ ಅಂತ ನಮ್ಮ ಓಣಿಯಲ್ಲಿ ನಗೆ. ನೀನು ಅದನ್ನು ಕೇಳಿ ನಿಜವೇ ಅಲ್ಲವೇನು ಅಂದಿದ್ದೆ.

ಮೊದಲ ಸೀಸನ್ನಿನ ಮೊದಲ ವಾರ ನಾವು ದಂಡೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತದ್ದು ನೆನೆದರೆ ಈಗಲೂ ನಗು ಬರುತ್ತದೆ. ಗಿರಾಕಿಗಳು ಬಂದಿದ್ದರು, ದೋಣಿ ಸಿದ್ಧವಿತ್ತು. ಗಣಪತಿ ಮುಂಜಾನೆ ಹೋಗಿ ನೋಡಿ ಬಂದು, ನೀರು ಕದಡಿದೆ, ಇವತ್ತು ಬೇಡ ಅಂದ. ದುಡ್ಡು ವಾಪಸ್ಸು ಕೊಟ್ಟೆವು. ಮರುದಿನ ಗಾಳಿ. ಮತ್ತೆ ವಾಪಸ್ಸು. ಹೊಲಿಗೆ ಶೆಡ್ಡಿನಲ್ಲಿ ಕರೆಂಟು ಹೋದರೆ ಜನರೇಟರು ಹಾಕುತ್ತೇನೆ. ಕಡಲಿಗೆ ಯಾವ ಜನರೇಟರು ಹಾಕಲಿ? ನಾನು ಜೀನ್ಸ್ ಪ್ಯಾಂಟಿನ ಲೆಕ್ಕದಲ್ಲಿ ಯೋಚಿಸುತ್ತಿದ್ದೆ. ಹೊಲಿದರೆ ಮಾಲು, ಮಾರಿದರೆ ಹಣ. ಇಲ್ಲಿ ಮಾಲೇ ಒಂದು ದಿನ ಕಾಣುತ್ತದೆ, ಒಂದು ದಿನ ಕಾಣುವುದಿಲ್ಲ.

ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರಿನ ಮುಂದೆ ನೀನು ಮೂಗು ಅರಳಿಸಿ ನಿಲ್ಲುತ್ತಿದ್ದುದೂ ನೆನಪಾಗುತ್ತದೆ. ಅದರ ಹೀರುಕೊಳವೆಗೆ ದೋಣಿಯ ಡೀಸೆಲ್ ಹೊಗೆ ಒಂದಿಷ್ಟು ಹೊಕ್ಕರೂ ಕೆಳಗೆ ಇಳಿದವರ ಜೀವಕ್ಕೆ ಕುತ್ತು ಅಂತ ಗಣಪತಿ ಹೇಳಿದ ದಿನದಿಂದ ನಿನಗೆ ಅದೊಂದು ವ್ರತವಾಯಿತು. ಗಾಳಿಯ ಪರೀಕ್ಷೆ, ಸೋಸುವ ಜಾಲರಿ, ಬಾಯಿಗೆ ಕಚ್ಚಿಕೊಳ್ಳುವ ಉಪಕರಣದ ಸರ್ವೀಸು, ದೋಣಿಯ ಪರವಾನಗಿ, ವಿಮೆ. ಗಿರಾಕಿಯ ಕಣ್ಣಿಗೆ ಬೀಳದ ಜಾಗಗಳಿಗೇ ಹೆಚ್ಚು ದುಡ್ಡು ಹೋಗುತ್ತಿತ್ತು. ಒಂದು ವರ್ಷ ಅಗ್ಗದ ಜಾಲರಿ ಹಾಕೋಣವೇ ಅಂತ ನಾನು ಕೇಳಿದ್ದಕ್ಕೆ, ಬೇರೆಯವರ ಉಸಿರಿನಲ್ಲಿ ಉಳಿತಾಯ ಮಾಡುವ ಹಾಗಿದ್ದರೆ ಈಗಲೇ ಮನೆಗೆ ಹೋಗೋಣ ಅಂದೆ ನೀನು. ಅಷ್ಟೇ, ಮತ್ತೆ ಆ ಮಾತು ನಾನು ಎತ್ತಲಿಲ್ಲ.

ರಬ್ಬರಿನ ಉಡುಪುಗಳು ಮೂಟೆಕಟ್ಟಿ ಬಳ್ಳಾರಿಗೆ ಬಂದಿಳಿದ ದಿನ ಶೆಡ್ಡಿನ ಹೆಂಗಸರೆಲ್ಲ ಮೂಗಿಗೆ ಸೆರಗು ಹಿಡಿದಿದ್ದರು. ಮಳೆಗಾಲದಲ್ಲಿ ಸುಮ್ಮನೆ ಬಿದ್ದಿರುತ್ತವೆ, ಹರಿದದ್ದನ್ನು ಇಲ್ಲೇ ಹೊಲಿಸೋಣ ಅಂತ ನಿನ್ನ ಉಪಾಯ. ಕಾಜಾ ಹಾಕುವ ಲಕ್ಷ್ಮಮ್ಮ ಮೂಟೆ ಬಿಚ್ಚಿ, "ಏಮಮ್ಮಾ ಈ ವಾಸನ" ಅಂತ ತೆಲುಗಿನಲ್ಲಿ ಗೊಣಗಿದಳು. ಉಪ್ಪು, ಮೀನು, ಮೂತ್ರ, ಎಲ್ಲವೂ ಸೇರಿದ ವಾಸನೆ. ನಮ್ಮ ಟೈಲರ್ ಖಾದರ್ ಮಾಸ್ತರ ದಪ್ಪ ಸೂಜಿ ಏರಿಸಿ ಜೀನ್ಸಿಗೆ ಹೊಡೆಯುವ ಹಾಗೇ ಹೊಡೆದರು. ನೋಡಲು ಬಲು ಚೆಂದ ಕಂಡಿತು. ಅಕ್ಟೋಬರಿನಲ್ಲಿ ನೀನೇ ಮೊದಲು ತೊಟ್ಟು ಇಳಿದೆ. ಸೂಜಿ ತೂತುಗಳಿಂದ ನೀರು ಒಳನುಗ್ಗಿ, ಗಡಗಡ ನಡುಗುತ್ತ ಮೇಲೆ ಬಂದವಳು ದೋಣಿಯಲ್ಲಿ ಬಿದ್ದು ಬಿದ್ದು ನಕ್ಕೆ. ಆ ಚಳಿಯಲ್ಲಿ ನಿನ್ನ ಹಲ್ಲು ಕಟಕಟ ಅನ್ನುತ್ತಿತ್ತು, ಆದರೂ ನಗು ನಿಲ್ಲಲಿಲ್ಲ. ನಾನು ನನ್ನ ಶಾಲು ಹೊದಿಸಿದೆ. ನಮ್ಮ ವ್ಯಾಪಾರದಲ್ಲಿ ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿತ್ತಾ? ನನಗೆ ನೆನಪಿಲ್ಲ.

ಹೆದರಿದ ಗಿರಾಕಿಗಳ ಜತೆ ನೀನು ಮಾತಾಡುತ್ತಿದ್ದ ಬಗೆ ಬೇರೆ ಯಾರಿಗೂ ಬರಲಿಲ್ಲ. ಒಬ್ಬೊಬ್ಬರ ಮುಂದೆಯೂ ಕೂತು, ಉಸಿರು ಹೇಗೆ ಎಳೆಯಬೇಕೆಂದು ತೋರಿಸಿ, ನಿಮಗೆ ಮನಸ್ಸಿಲ್ಲದಿದ್ದರೆ ಇಳಿಯಬೇಡಿ, ದುಡ್ಡು ವಾಪಸ್ಸು ಕೊಡುತ್ತೇನೆ ಅನ್ನುತ್ತಿದ್ದೆ. ಆ ಮಾತಿನ ಮೇಲೇ ಅವರು ಇಳಿಯುತ್ತಿದ್ದರು. ನನ್ನನ್ನು ಮಾತ್ರ ನೀನು ಒತ್ತಾಯ ಮಾಡಲಿಲ್ಲ. ಈಜು ಬರದು ಅಂತ ನಾನು ನೆಪ ಹೇಳುತ್ತಿದ್ದೆ, ಇದಕ್ಕೆ ಈಜು ಬೇಡ ಅಂತ ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ದೋಣಿಯ ಹಲಗೆಯ ಮೇಲೆ ಕೂತು ನಿನ್ನ ಉಸಿರಿನ ಗುಳ್ಳೆಗಳು ಮೇಲೆ ಬರುವುದನ್ನು ನೋಡುತ್ತಿದ್ದರೆ ನನಗೆ ಅಷ್ಟೇ ಸಾಕಿತ್ತು. ಗುಳ್ಳೆ ಬರುತ್ತಿದೆ ಅಂದರೆ ನೀನಿದ್ದೀ.

ಹೋದ ವರ್ಷದ ಆಷಾಢದಲ್ಲಿ ಮಾವ ಫೋನು ಮಾಡಿದಾಗ ನಾನು ವಾಷಿಂಗಿಗೆ ಮಾಲು ಕಳಿಸುತ್ತಿದ್ದೆ. ಹಚ್ಚೊಳ್ಳಿಯ ತಮ್ಮ ಗದ್ದೆಗೆ ನಾಟಿ ನೋಡಲು ಹೋಗಿದ್ದವಳು ಕಾಲುವೆಯ ಪಕ್ಕದ ದಾರಿಯಲ್ಲೇ ಕುಸಿದಳು ಅಂದರು. ಗದ್ದೆಯ ಟ್ರ್ಯಾಕ್ಟರಿನಲ್ಲೇ ನಿನ್ನನ್ನು ಸಿರುಗುಪ್ಪಕ್ಕೆ ತಂದರಂತೆ, ಅಲ್ಲಿಂದ ಬಳ್ಳಾರಿಯ ಆಸ್ಪತ್ರೆಗೆ. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಅಂದರು ಡಾಕ್ಟರು. ಮಾವ ಕೇಳಿದ್ದು ಒಂದೇ ಪ್ರಶ್ನೆ, ಸಮುದ್ರದೊಳಗೆ ಇಳಿದಿದ್ದರಿಂದ ಹೀಗಾಯಿತೇ ಅಂತ. ತಿಂಗಳುಗಳ ಹಿಂದೆ ಇಳಿದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ಮಾವ ತಲೆಯಾಡಿಸಿದರು.

ಮರುದಿನ ಮಧ್ಯಾಹ್ನ ನಮ್ಮಿಬ್ಬರನ್ನೂ ಒಳಗೆ ಬಿಟ್ಟಿದ್ದರು. ನಿನಗೆ ಮಾತು ಹೋಗಿತ್ತು. ಬಲಗೈ ಕೆಲಸ ಮಾಡುತ್ತಿರಲಿಲ್ಲ. ನನ್ನನ್ನು ನೋಡಿದೆ, ಖಂಡಿತ ನೋಡಿದೆ. ಆಮೇಲೆ ಎಡಗೈ ಹೊದಿಕೆಯಿಂದ ಹೊರಗೆ ತಂದು ಹೆಬ್ಬೆರಳು ಮೇಲೆತ್ತಿದೆ. ನರ್ಸಮ್ಮ ಖುಷಿಪಟ್ಟಳು. ಮಾವನ ಮುಖ ಅರಳಿತು.

"ನೋಡ್ದೇನು ಸುಮಿ, ಆರಾಮ ಅದೀನಿ ಅಂತ ಅಂತಾಳ."

ನಾನು ಹೂಂ ಅಂದೆ. ಇನ್ನೇನು ಹೇಳಲಿ ಅಕ್ಕ? ಆ ಕೋಣೆಯಲ್ಲಿ ಅದರ ಅರ್ಥ ಗೊತ್ತಿದ್ದವರು ನಾವಿಬ್ಬರೇ. ಬೇಡ ಅಂತ ತಲೆಯಾಡಿಸಬೇಕೆಂದುಕೊಂಡೆ, ತಡಿ ಅನ್ನುವ ಸನ್ನೆ ಮಾಡಬೇಕೆಂದುಕೊಂಡೆ. ಆದರೆ ಗಣಪತಿ ಕಲಿಸಿದ್ದ ನಿಯಮ ನಿನ್ನ ಬಾಯಿಂದಲೇ ಎಷ್ಟು ಸಲ ಕೇಳಿದ್ದೆ, ಜತೆಗಾರ ಮೇಲೆ ಹೋಗುತ್ತೇನೆ ಅಂದರೆ ಯಾಕೆಂದು ಕೇಳಬಾರದು. ನಾನು ಬೆರಳು ಸುತ್ತು ಮಾಡಿ ತೋರಿಸಿದೆ. ನೀನು ಕಣ್ಣು ಮುಚ್ಚಿದೆ. ಮಾವನಿಗೆ ಇದನ್ನು ನಾನು ಈವರೆಗೂ ಹೇಳಿಲ್ಲ. ಹೇಳುವುದೂ ಇಲ್ಲ.

ಕುರುಗೋಡಿನ ಅಂಜೂರದ ತೋಟದ ಬದುವಿನಲ್ಲಿ ನಿನ್ನನ್ನು ಕೂರಿಸಿ ಮಣ್ಣು ಕೊಟ್ಟ ದಿನ ಬಿಸಿಲಿತ್ತು. ಹಿಂದೆ ಆ ಬಂಡೆಗುಡ್ಡಗಳು ಕಾದು ಕೂತಿದ್ದವು. ಮಾವನ ತಮ್ಮ ಎಲ್ಲರಿಗೂ ಕೇಳುವ ಹಾಗೆ, ನೀರಿನ ಹುಚ್ಚು ಹಿಡಿಸಿದವರು ಈಗ ಬಂದು ನಿಂತಿದ್ದಾರೆ ನೋಡಿ ಅಂದ. ಮಾವ ಬಂದು ನನ್ನ ಪಕ್ಕ ನಿಂತರು. ನಿನ್ನ ಪಾಲನ್ನು ಹಿಂದಿರುಗಿಸುವ ಮಾತು ನಾನು ಎತ್ತಿದ್ದಕ್ಕೆ, ಈಗ ಬೇಡ, ಸೀಸನ್ನು ಬರಲಿ ಅಂದರು. ಸೀಸನ್ನು ಅನ್ನುವ ಮಾತು ಅವರ ಬಾಯಲ್ಲಿ ಕೇಳಿ ನನಗೆ ಅಳು ಒತ್ತರಿಸಿ ಬಂತು. ನಿನ್ನಿಂದ ಕಲಿತದ್ದಲ್ಲವೇ ಅದು?

ಅಕ್ಟೋಬರಿನಲ್ಲಿ ಒಬ್ಬಳೇ ಬಸ್ಸು ಹತ್ತಿದಾಗ ಪಕ್ಕದ ಸೀಟಿನಲ್ಲಿ ಯಾರೋ ಬಂದು ಕೂತರು, ಗದಗಿನಲ್ಲಿ ಇಳಿದರು, ಇನ್ಯಾರೋ ಕೂತರು. ದಾರಿ ಅದೇ. ಇಷ್ಟು ಉದ್ದ ಇದೆ ಅಂತ ಮೊದಲು ಗೊತ್ತಾಗಿರಲಿಲ್ಲ. ಬಂಡವಾಳ ಹಾಕುವಾಗ ಕಂಪ್ರೆಸರಿನ ಬಗ್ಗೆ ಹೇಳುತ್ತಾರೆ, ಮುಚ್ಚಿದ ನಾಲ್ಕು ತಿಂಗಳ ಸಂಬಳದ ಬಗ್ಗೆ ಹೇಳುತ್ತಾರೆ, ಒಳ್ಳೆಯ ಡೈವರುಗಳು ಅಂಡಮಾನಿಗೆ, ಮಾಲ್ಡೀವ್ಸಿಗೆ ಹೋಗಿಬಿಡುತ್ತಾರೆ ಅಂತಲೂ ಎಚ್ಚರಿಸುತ್ತಾರೆ. ಜತೆಗೆ ಹಾಕಿದವರು ಇಲ್ಲವಾದರೆ ಉಳಿದ ಪಾಲು ಎಷ್ಟು ಭಾರವಾಗುತ್ತದೆ ಅಂತ ಯಾರು ಹೇಳುತ್ತಾರೆ? ಅಂಗಡಿಯಲ್ಲಿ ನಿನ್ನ ಕುರ್ಚಿಯನ್ನು ಗಣಪತಿ ಒಳಗೆ ತೆಗೆದಿಟ್ಟಿದ್ದ. ನಾನು ಹೊರಗೆ ತಂದು ಹಾಕಿದೆ. ಆದರೆ ಕೂರಲಿಲ್ಲ.

ನವೆಂಬರಿನಲ್ಲಿ ಹೊಸ ಜೋಡಿಯೊಂದು ಬಂದದ್ದು ನನ್ನ ಮೂಲಕವೇ. ಹುಡುಗಿ ಕೊಳಗಲ್ಲಿನವಳು, ನನ್ನ ಸೈಟು ಕೊಂಡವರ ಮಗಳು. ಮದುವೆಯಾಗಿ ತಿಂಗಳೂ ತುಂಬಿರಲಿಲ್ಲ. ಹುಡುಗನಿಗೆ ನೆಗಡಿ ಇತ್ತು. ನೆಗಡಿ ಇದ್ದರೆ ಇಳಿಯುವ ಹಾಗಿಲ್ಲ. ಗಣಪತಿ ಕೇಳಿದ್ದಕ್ಕೆ ಹುಡುಗ ಇಲ್ಲ ಅಂತ ಸುಳ್ಳು ಹೇಳಿದ. ಕೆಳಗೆ ಕಿವಿಗೆ ಒತ್ತಡ ಬಿದ್ದು, ನೋವಿಗೆ ಗಾಬರಿಯಾಗಿ ಕೈಕಾಲು ಬಡಿದ. ಗಣಪತಿ ಅವನನ್ನು ಅಪ್ಪಿ ಹಿಡಿದು, ಮೇಲಕ್ಕೆ ಹಾರಲು ಬಿಡದೆ, ನಿಧಾನವಾಗಿ ತಂದ. ಮುಖದ ಗಾಜಿನೊಳಗೆ ಮೂಗಿನ ರಕ್ತ ತುಂಬಿತ್ತು. ಅವನ ಗೆಳೆಯರು ಫೋನು ಹಿಡಿದು ವೀಡಿಯೋ ಮಾಡುತ್ತ, ಜೀವ ತೆಗೆಯುವ ಕಂಪನಿ ಅಂತ ಕೂಗಾಡಿದರು. ದಂಡೆಗೆ ವಾಪಸ್ಸಾಗುವ ಒಂದೂವರೆ ತಾಸು ನನಗೆ ಒಂದೇ ಯೋಚನೆ, ನೀನಿದ್ದಿದ್ದರೆ ಆ ಹುಡುಗನ ದನಿಯಲ್ಲೇ ನೆಗಡಿ ಹಿಡಿಯುತ್ತಿದ್ದೆ.

ಆಸ್ಪತ್ರೆಯ ಬೆಂಚಿನ ಮೇಲೆ ಆ ಹುಡುಗಿ ನನ್ನ ಪಕ್ಕ ಕೂತಿದ್ದಳು. ಕಿವಿಯ ತಮಟೆಗೆ ಸಣ್ಣ ಗಾಯ, ವಾಸಿಯಾಗುತ್ತದೆ, ಹೆದರಬೇಡಿ ಅಂತ ಡಾಕ್ಟರು ಹೇಳಿ ಹೋಗಿದ್ದರು. ಅವಳು ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ. ಕೈಯ ಬಳೆ ತಿರುಗಿಸುತ್ತ ಕೇಳಿದಳು.

"ನೀವು ಒಮ್ಮೆರ ಇಳಿದೀರೇನ್ರಿ ಕೆಳಗ?"

"ಇಲ್ಲವ್ವಾ."

"ಮತ್ತ ನಮಗ್ಯಾಕ ಹೇಳಿದ್ರಿ, ಭಾಳ ಚೆಂದ ಇರತೈತಿ ಅಂತ?"

ನಿನ್ನ ಕಣ್ಣಿನಿಂದ ನೋಡಿದ್ದನ್ನು ನಾನು ಮಾರುತ್ತಿದ್ದೆ ಅಂತ ಅವಳಿಗೆ ಹೇಗೆ ಹೇಳಲಿ? ನೀನು ಹೇಳಿದ ಗಿಳಿಮೀನು, ನೀನು ಹೇಳಿದ ಆಮೆ, ನೀನು ಹೇಳಿದ ಬೆಳಕು. ಹುಡುಗ ಗುಣವಾದ, ವೀಡಿಯೋ ಕೂಡ ನಾಲ್ಕು ದಿನ ಓಡಾಡಿ ಎಲ್ಲೋ ಮುಳುಗಿತು. ಆದರೆ ಡಿಸೆಂಬರಿನ ಬುಕಿಂಗು ಅರ್ಧಕ್ಕರ್ಧ ಹೋಯಿತು. ಬಳ್ಳಾರಿಯಲ್ಲಿ ಪರಿಚಯದವರು ನನ್ನನ್ನು ಕಂಡು ಮಾತು ನಿಲ್ಲಿಸತೊಡಗಿದರು.

ಸಂಕ್ರಾಂತಿ ಕಳೆದ ಮೇಲೆ ಮಾವ ತಾವಾಗಿಯೇ ಹೊರಟು ನಿಂತರು. ಹೆಗಲ ಮೇಲೆ ಒಂದು ಚೀಲ ಸೋನಾ ಮಸೂರಿ, ದೋಣಿಯ ಹುಡುಗರಿಗಂತ. ಅಷ್ಟು ದೂರ ಅಕ್ಕಿ ಯಾಕೆ ಮಾವ, ಅಲ್ಲೂ ಸಿಗುತ್ತದೆ ಅಂದರೆ, ಸಿರುಗುಪ್ಪದ್ದು ಸಿಗುವುದಿಲ್ಲ ಅಂದರು. ಮುರ್ಡೇಶ್ವರದಲ್ಲಿ ಗಣಪತಿ ಅವರ ಆರೋಗ್ಯ ವಿಚಾರಿಸಿದ. ಬಿ.ಪಿ. ಇದೆ, ಎದೆಗೆ ಸ್ಟೆಂಟು ಹಾಕಿದೆ. ಇಳಿಯಲು ಆಗುವುದಿಲ್ಲ ಅಂತ ಅವನು ಸಂಕೋಚದಿಂದ ಹೇಳಿದ್ದಕ್ಕೆ, ಇಳಿಯಲು ಬಂದಿಲ್ಲ, ನೋಡಲು ಬಂದಿದ್ದೇನೆ ಅಂದರು. ದ್ವೀಪದ ಹತ್ತಿರ ದೋಣಿ ನಿಂತಾಗ, ಅವಳು ಎಲ್ಲಿ ಕೂರುತ್ತಿದ್ದಳು ಅಂತ ಕೇಳಿದರು. ಗಣಪತಿ ಅಂಚು ತೋರಿಸಿದ. ಮಾವ ಅಲ್ಲಿ ಕೂತು, ಬಗ್ಗಿ, ನೀರಿಗೆ ಕೈ ಹಾಕಿದರು. ಅವತ್ತು ನೀರು ತಿಳಿಯಾಗಿತ್ತು, ಕೆಳಗಿನ ಬಂಡೆಗಳು ಕಾಣುತ್ತಿದ್ದವು. ಅವರು ಬಹಳ ಹೊತ್ತು ನೋಡಿದರು. ಏನೋ ಸಿಗುತ್ತದೆ ಅಂತ ಬಂದವರು ಹಾಗೇ ನೋಡುತ್ತಾರೆ. ಆಮೇಲೆ ಕೈ ಎತ್ತಿ ಟವೆಲಿಗೆ ಒರೆಸಿಕೊಂಡರು.

"ಮಾರಿಬಿಡು ಸುಮಿ. ಆಕಿ ಇಲ್ಲಂದ್ರ ಇದು ಬರೇ ನೀರು."

ನನಗೆ ಸಿಟ್ಟು ಬಂತು ಅಕ್ಕ. ಹೌದು, ನಿನ್ನ ಗಂಡನ ಮೇಲೆ. ನಾನು ಇಷ್ಟು ದಿನ ಬಾಯಿಬಿಡದೆ ಹೊತ್ತಿದ್ದ ಮಾತನ್ನು ಅವರು ಅಷ್ಟು ಸಲೀಸಾಗಿ ಅಂದುಬಿಟ್ಟರಲ್ಲ ಅಂತ. ದಂಡೆಯ ಮೇಲೆ ಹುಡುಗರು ಅವರ ಅಕ್ಕಿಯಲ್ಲೇ ಅನ್ನ ಮಾಡಿ ಬಂಗಡೆ ಸಾರು ಮಾಡಿದ್ದರು. ಮಾವನಿಗೆ ಅಂತ ಬೇರೆ ಒಲೆಯಲ್ಲಿ ಬೇಳೆ ಬೇಯಿಸಿದ್ದರು. ಮಾವ ಉಂಡು, ಅನ್ನ ಉದುರುದುರಾಗಿದೆ ಅಂದರು. ಅಷ್ಟೇ.

ಏಪ್ರಿಲ್ಲಿನಲ್ಲಿ, ನಾವು ಮಾರುತ್ತೇವೆಂದು ಕೇಳಿ, ರೆಸಾರ್ಟಿನವನೊಬ್ಬ ಕೊಳ್ಳಲು ಬಂದ. ಅವನಿಗೆ ಬೇಕಾದದ್ದು ಪರವಾನಗಿ ಮತ್ತು ದೋಣಿ. ಒಳ್ಳೆಯ ಬೆಲೆಯನ್ನೇ ಹೇಳಿದ. ಇಷ್ಟೊಂದು ಜಾಲರಿ ಯಾಕೆ ಬದಲಾಯಿಸುತ್ತೀರಿ, ಖರ್ಚು ಕಮ್ಮಿ ಮಾಡಬಹುದು ಅಂತಲೂ ಬುದ್ಧಿ ಹೇಳಿದ. ಅದೇ ವಾರ ಗಣಪತಿಗೆ ಹೊರದೇಶದಿಂದ ಕೆಲಸದ ಕರೆ ಬಂದಿತ್ತು. ನಾನು ಅವನನ್ನೇ ಕೇಳಿದೆ, ನಮ್ಮ ಪಾಲೂ ಸೇರಿ ಅಂಗಡಿ ಪೂರ್ತಿ ನಿನ್ನದೇ ಆದರೆ ಉಳಿಯುತ್ತೀಯಾ ಅಂತ. ಅವನು ಸ್ವಲ್ಪ ಹೊತ್ತು ಮರಳು ಕೆದಕಿದ.

"ಅಷ್ಟು ದುಡ್ಡು ಒಟ್ಟಿಗೆ ನನ್ ಹತ್ರ ಇಲ್ಲ ಅಕ್ಕಾ. ಉಳೀಬೇಕು ಅಂತ ಮನಸ್ಸಂತೂ ಉಂಟು."

ಮಾವನಿಗೆ ಫೋನು ಮಾಡಿದೆ. ರೆಸಾರ್ಟಿನವನು ಹೆಚ್ಚು ಕೊಡುತ್ತಾನೆ, ಗಣಪತಿ ಕಮ್ಮಿ, ಅದೂ ಕಂತಿನಲ್ಲಿ, ನಿಮ್ಮ ಪಾಲೂ ಹಾಗೇ ಬರುತ್ತದೆ ಅಂತ ಬಿಡಿಸಿ ಹೇಳಿದೆ. ಅವಳು ಯಾರಿಗೆ ಕೊಡುತ್ತಿದ್ದಳೋ ಅವರಿಗೆ ಕೊಡು ಅಂದರು. ಹಾಗಾಗಿ ನಾವು ಹಾಕಿದ್ದು ಪೂರ್ತಿ ಹಿಂದೆ ಬರುವುದಿಲ್ಲ ಅಕ್ಕ. ನಷ್ಟವೇ. ಓಣಿಯವರು ಹೇಳಿದ್ದು ಸರಿಯಾಯಿತು. ನೀನು ಬೇಸರ ಮಾಡಿಕೊಳ್ಳುವವಳಲ್ಲ ಅಂತ ಗೊತ್ತು, ಆದರೂ ನಿನಗೆ ಸುಳ್ಳು ಹೇಳಲಾರೆ.

ಮೇ ತಿಂಗಳ ಕೊನೆಯ ಟ್ರಿಪ್ಪಿನ ದಿನ ದೋಣಿಯಲ್ಲಿ ಗಿರಾಕಿಗಳಿರಲಿಲ್ಲ. ಮಳೆ ಮೋಡ ಕಟ್ಟಿತ್ತು, ಮರುದಿನದಿಂದ ಕಡಲು ಬಂದ್. ಆಸ್ಪತ್ರೆಯ ಬೆಂಚಿನ ಆ ಹುಡುಗಿಯ ಪ್ರಶ್ನೆ ಅಷ್ಟು ತಿಂಗಳೂ ನನ್ನ ಬೆನ್ನು ಬಿಟ್ಟಿರಲಿಲ್ಲ. ಗಣಪತಿಗೆ ಸಿಲಿಂಡರು ಕಟ್ಟು ಅಂದೆ. ಅವನು ಒಮ್ಮೆ ನನ್ನ ಮುಖ ನೋಡಿದ, ಏನೂ ಕೇಳದೆ ಕಟ್ಟಿದ. ಐವತ್ತು ದಾಟಿದ ಮೈ ಆ ಉಡುಪಿನಲ್ಲಿ ಹೇಗೆ ಕಾಣುತ್ತಿತ್ತೋ. ಹಗ್ಗ ಹಿಡಿದು ಇಳಿದೆ. ಮೊದಲ ಉಸಿರು ಎಳೆಯುವಾಗ ಸತ್ತೇ ಹೋದೆ ಅನಿಸಿತು. ಎರಡನೆಯದು ಬಂತು. ಮೂರನೆಯದೂ ಬಂತು.

ಅಕ್ಕ, ನನಗೆ ಏನೂ ಕಾಣಲಿಲ್ಲ. ಮಳೆಗಾಲದ ಮುಂಚಿನ ನೀರು, ರಾಡಿಯಾಗಿತ್ತು. ಹಸಿರು ಕತ್ತಲೆ. ಗಿಳಿಮೀನಿಲ್ಲ, ಆಮೆಯಿಲ್ಲ. ಗಣಪತಿಯ ಕೈ ಮಾತ್ರ ಕಾಣುತ್ತಿತ್ತು, ಅದು ನನ್ನ ಮೊಣಕೈ ಹಿಡಿದಿತ್ತು. ನನ್ನ ಉಸಿರಿನ ಸದ್ದು ಬಿಟ್ಟರೆ ಇನ್ನೇನಿಲ್ಲ. ನೀನು ಇಲ್ಲೆಲ್ಲೋ ಇರುತ್ತೀ ಅಂತ ಒಳಗೊಳಗೇ ನಂಬಿಕೊಂಡು ಇಳಿದಿದ್ದೆನಾ? ಇದ್ದಿರಬೇಕು. ಯಾಕೆಂದರೆ ನೀನು ಇರಲಿಲ್ಲ ಅನ್ನುವುದು ಅಲ್ಲಿ ಅಷ್ಟು ಸ್ಪಷ್ಟವಾಗಿ ಗೊತ್ತಾಯಿತು. ಆಸ್ಪತ್ರೆಯಲ್ಲಿ ಗೊತ್ತಾಗಿರಲಿಲ್ಲ, ತೋಟದ ಬದುವಿನಲ್ಲೂ ಗೊತ್ತಾಗಿರಲಿಲ್ಲ. ಮುಖದ ಗಾಜಿನೊಳಗೆ ಅತ್ತರೆ ಒರೆಸಿಕೊಳ್ಳಲು ಆಗುವುದಿಲ್ಲ. ಗಣಪತಿ ನನ್ನ ಕಣ್ಣು ನೋಡಿ ಚೆನ್ನಾಗಿದ್ದೀಯಾ ಅಂತ ಸನ್ನೆ ಮಾಡಿದ. ಚೆನ್ನಾಗಿಲ್ಲ ಅನ್ನಲು ಕೈ ಅಲ್ಲಾಡಿಸಬೇಕು. ಅಲ್ಲಾಡಿಸಿದೆ. ಅವನು ನನ್ನನ್ನು ಮೇಲೆ ಎಳೆಯಲಿಲ್ಲ. ಹಗ್ಗ ಹಿಡಿದು ಹಾಗೇ ಪಕ್ಕದಲ್ಲಿ ನಿಂತ. ನಾನೂ ನಿಂತೆ. ಸಮಾಧಾನವಾದ ಮೇಲೆ ನಾವಿಬ್ಬರೂ ಮೇಲೆ ಬಂದೆವು.

ಅಂಗಡಿ ವಹಿಸಿಕೊಟ್ಟು ಬಳ್ಳಾರಿಗೆ ಬಂದ ಮೇಲೆ ತಿಂಗಳಿಗೊಮ್ಮೆ ಹೋಗುವ ಕಾರಣವೇ ಇಲ್ಲವಾಯಿತು. ಭಾನುವಾರಗಳು ಉದ್ದವಾಗಿವೆ. ಲಕ್ಷ್ಮಮ್ಮ ಒಂದೆರಡು ಸಲ ತನ್ನ ಮನೆಗೆ ಊಟಕ್ಕೆ ಕರೆದಳು, ಹೋಗಿ ಬಂದೆ. ಸಿರುಗುಪ್ಪಕ್ಕೆ ಹೋಗಲು ಧೈರ್ಯವಾಗಲಿಲ್ಲ. ಮಾವನೂ ಫೋನು ಮಾಡಲಿಲ್ಲ. ಗಣಪತಿಯ ಮೊದಲ ಕಂತು ಬಂದಾಗ ನಿನ್ನ ಪಾಲು ಕಳಿಸಿದೆ. ಮುಟ್ಟಿತು ಅಂತ ಬರೆದರು, ಒಂದೇ ಪದ.

ನಿನ್ನೆ ಮುಂಜಾನೆ ಶೆಡ್ಡಿನ ಬೀಗ ತೆಗೆಯುತ್ತಿದ್ದಾಗ ಅವರ ಫೋನು ಬಂತು. ಅದಕ್ಕೇ ಈ ಪತ್ರ. ನಾಟಿ ಮುಗಿಯಿತು, ಕಾಲುವೆಗೆ ನೀರು ಚೆನ್ನಾಗಿ ಬಿಟ್ಟಿದ್ದಾರೆ, ಕುರುಗೋಡಿನಲ್ಲಿ ಅಂಜೂರಕ್ಕೆ ಈ ಸಲ ಬೆಲೆ ಇಲ್ಲ, ಅದೂ ಇದೂ ಹೇಳಿದರು. ಕೊನೆಗೆ ಕೇಳಿದರು.

"ಸುಮಿ, ಈ ವರ್ಷ ಕಡಲು ಯಾವಾಗ ತೆಗೀತಾರ?"

ಅಕ್ಟೋಬರ್ ಮೊದಲ ವಾರ, ಮಳೆ ಬೇಗ ಬಿಟ್ಟರೆ ಸೆಪ್ಟೆಂಬರ್ ಕೊನೆಗೇ ಅಂದೆ. ಗಣಪತಿಯ ಹುಡುಗರಿಗೆ ಹೊಸ ಅಕ್ಕಿ ಒಯ್ಯಬೇಕು ಅಂದರು. ಹೊಸ ಅಕ್ಕಿ ಬರುವುದು ಅಕ್ಟೋಬರಿಗಲ್ಲ, ಕೊಯ್ಲು ಮುಗಿದ ಮೇಲೆ, ಡಿಸೆಂಬರಿಗೆ, ಅದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಆ ಮಾತು ಎತ್ತಲಿಲ್ಲ. ಹೋಗೋಣ ಮಾವ ಅಂದೆ.

ಈಗ ಗಣಪತಿಗೆ ಹೇಳಿ ಎರಡು ಸೀಟು ಹಿಡಿಸಿದ್ದೇನೆ, ಗಿರಾಕಿಗಳ ಹಾಗೇ, ಪೂರ್ತಿ ದುಡ್ಡು ಕೊಟ್ಟು. ಅವನು ಬೇಡ ಅಂದ, ನಾನು ಬಿಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಮಾವನನ್ನು ಕೂರಿಸುತ್ತೇನೆ. ದಾರಿಯಲ್ಲಿ ಅವರಿಗೆ ಹಸಿವಾದರೆ ಏನು ಕೊಡಬೇಕು, ಘಟ್ಟ ಇಳಿಯುವಾಗ ತಲೆ ಸುತ್ತುತ್ತದೋ ಇಲ್ಲವೋ, ನನಗೆ ಒಂದೂ ಗೊತ್ತಿಲ್ಲ. ನಿನ್ನನ್ನು ಕೇಳುವ ಹಾಗಿಲ್ಲ. ಅವರನ್ನೇ ಕೇಳಿ ತಿಳಿದುಕೊಳ್ಳುತ್ತೇನೆ.

ನಿನ್ನ
ಸುಮಂಗಲಾ